ಫೋಟೊದ ಹಿಂದಿದ್ದ ಎರಡಕ್ಷರ

ಆಗೆಲ್ಲ ದೋಹಾದ ಬಿನ್ ಒಮ್ರಾನಿನ ನಮ್ಮ ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತಿತ್ತು. ನಮ್ಮ ಮನೆಯದು ಬಂಗುಡೆ ಹುರಿದ ವಾಸನೆ, ಎದುರಿನ ಮೋರೀನ್ ಟೀಚರ್ ಮನೆಯದು ಬೆಣ್ಣೆ ಹಾಕಿ ಕಾಯಿಸಿದ ಬ್ರೆಡ್ಡಿನದು. ಐರ್ಲೆಂಡಿನವರಾದ ಅವರು ಯಾವುದೋ ಶಾಲೆಯಲ್ಲಿ ಕಲಿಸುತ್ತಿದ್ದರು, ಒಬ್ಬರೇ ಇದ್ದರು. ನಾವು ಮಕ್ಕಳು ಕಾರಿಡಾರಿನಲ್ಲಿ ಕ್ರಿಕೆಟ್ ಆಡುವಾಗ ಚೆಂಡು ಅವರ ಬಾಗಿಲಿಗೆ ಬಡಿದರೂ ಬೈಯುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದ ಆ ಚಳಿಗಾಲದಲ್ಲಿ ಅಮ್ಮನ ಅಮ್ಮ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದರು. ಇಂಗ್ಲಿಷ್ ಶಾಲೆಯ ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ತಿಳಿದದ್ದೇ, ದಿನಾ ಗಂಜಿ ಊಟವಾದ ಮೇಲೆ ಅಕ್ಷರ ತಿದ್ದಿಸತೊಡಗಿದರು. ಕಾಗುಣಿತ ಬರೆದ ಮೊದಲ ಹಾಳೆಯನ್ನು ನಾನು ಹೆಮ್ಮೆಯಿಂದ ಹೊರಬಾಗಿಲಿಗೆ ಅಂಟಿಸಿದೆ.

ಎರಡು ದಿನ ಕಳೆದು ನೋಡಿದರೆ ಮೋರೀನ್ ಟೀಚರ್ ನಮ್ಮ ಬಾಗಿಲ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಿದ್ದರು. ಮರುದಿನವೂ ಹೊಡೆದರು.

"ಎಂತಕ್ಕೆ ಹೊಡೀತಾರೆ ಇವರು?" ಅಮ್ಮನ ಮುಖ ಬಿಳಿಚಿತು. ನಾವು ಒಂದು ರೂಮಿಗೆ ಪ್ಲೈವುಡ್ ಗೋಡೆ ಹಾಕಿ ಊರಿನ ಗಂಡಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದೆವು. ಕಾನೂನಿನ ಪ್ರಕಾರ ಹಾಗೆ ಕೊಡುವಂತಿರಲಿಲ್ಲ.

"ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಖಲಾಸ್," ಎಂದರು ಪಪ್ಪ. "ಆ ಹೆಂಗಸಿನ ಹತ್ರ ಮಾತು ಬೇಡ."

ಅಂದಿನಿಂದ ನಾನು ಬಾಗಿಲ ಕಿಂಡಿಗೆ ಕಣ್ಣಿಟ್ಟು ಕಾವಲು ಕಾದೆ. ಅವರು ಎಷ್ಟು ಹೊತ್ತಿಗೆ ಬಂದರು, ಚೀಲದಲ್ಲಿ ಏನಿತ್ತು, ಎಲ್ಲವೂ ಅಮ್ಮನಿಗೆ ವರದಿಯಾಗುತ್ತಿತ್ತು.

ಒಂದು ಶುಕ್ರವಾರ ಅವರೇ ಬೆಲ್ ಒತ್ತಿದರು. ಕೈಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಒಂದು ಫೋಟೊ: ಸೀರೆ ಉಟ್ಟ ಹೆಂಗಸು, ಮಡಿಲಲ್ಲಿ ಕೂಸು. ಅವರ ಅಜ್ಜನ ಅಣ್ಣ ಮೈಕಲ್ ಎಂಬವನು ಹಡಗು ಹತ್ತಿ ಇಂಡಿಯಾಕ್ಕೆ ಹೋದವನು ಕಳಿಸಿದ್ದು ಇದೊಂದೇ. ಆಮೇಲೆ ಅವನ ಸುದ್ದಿಯೇ ಇಲ್ಲವಂತೆ.

"ಹಿಂದೆ ಬರೆದದ್ದು ಯಾವ ಭಾಷೆ ಅಂತ್ಲೇ ನಮಗೆ ಗೊತ್ತಿರಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ನಿಮ್ಮ ಬಾಗಿಲಲ್ಲಿ ಇಂಥದ್ದೇ ಅಕ್ಷರ ಕಂಡೆ, ಫೋಟೊ ಹೊಡೆದು ಹೋಲಿಸಿ ನೋಡಿದೆ."

ಅಮ್ಮ ನಿರಾಳವಾಗಿ ಉಸಿರು ಬಿಟ್ಟು ಫೋಟೊವನ್ನು ಅಜ್ಜಿಗೆ ಕೊಟ್ಟರು. ಅಜ್ಜಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಅಳಿಸಿ ಹೋಗಿದೆ. ಓದ್ಲಿಕ್ಕೆ ಆಗುದಿಲ್ಲ," ಎಂದು ಹಿಂದಕ್ಕೆ ಕೊಟ್ಟರು.

ನಾನು ಪಕ್ಕದಲ್ಲೇ ಇದ್ದೆ. ಶಾಯಿ ಮಾಸಿತ್ತು, ಅಳಿಸಿರಲಿಲ್ಲ. ಕಾ, ಪು. ಕಾಪು. ಅಜ್ಜಿಯ ಊರು!

ಆ ಮಧ್ಯಾಹ್ನವೆಲ್ಲ ಅಜ್ಜಿಯನ್ನೇ ಗಮನಿಸಿದೆ. ಅವರು ಅಕ್ಷರ ತಿದ್ದಿಸಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ. "ಅಜ್ಜಿ, ಸುಳ್ಳು ಹೇಳಿದ್ದು ಯಾಕೆ?"

ಅಜ್ಜಿ ಅಡುಗೆಮನೆಯ ಕಡೆ ಇಣುಕಿ, ಅಮ್ಮ ಇಲ್ಲವೆಂದು ಖಚಿತ ಮಾಡಿಕೊಂಡರು.

"ಫೋಟೊದ ಹಿಂದೆ ಇನ್ನೊಂದು ಹೆಸರೂ ಇತ್ತು, ತೀರ ಮಾಸಿದ್ದು, ಸೀತು ಅಂತ. ಆ ಕೂಸು ನನ್ನ ಅಮ್ಮ. ಊರಿನವರೆಲ್ಲ ಅವಳನ್ನು ಬಿಳಿ ಸೀತು ಅಂತ ಕರೀತಿದ್ರು. ಮದುವೆ ಮನೆಗೆ ಹೋದ್ರೆ ಅಂಗಳದಲ್ಲೇ ಕೂರಿಸ್ತಿದ್ರು. ಅಪ್ಪ ಎಲ್ಲಿ ಅಂತ ಕೇಳಿದವರಿಗೆ ಉತ್ತರ ಹೇಳಿ ಹೇಳಿ ಸತ್ತಳು. ಆಗ ಯಾರೂ ಹುಡುಕಿಕೊಂಡು ಬರ್ಲಿಲ್ಲ. ಈಗ ಎಂತಕ್ಕೆ?"

"ಅಮ್ಮನಿಗೆ ಗೊತ್ತುಂಟಾ?"

"ಇಲ್ಲ. ನೀನೂ ಹೇಳ್ಬಾರ್ದು."

ವೀಸಾ ಮುಗಿಯುವ ಮೊದಲೇ ಅಜ್ಜಿ ಊರಿಗೆ ಹೊರಟರು. ಶಾಲೆಗೆ ಬೇಸಿಗೆ ರಜೆ ಸಿಕ್ಕಿದಾಗ ಟೀಚರ್ ಕೂಡ ದೋಹಾ ಬಿಟ್ಟರು. ಸೂಟ್‌ಕೇಸಿನ ಜೊತೆ ಲಿಫ್ಟಿಗೆ ಕಾಯುತ್ತಿದ್ದವರು ನನ್ನ ಮುಂದೆ ಬಗ್ಗಿ ಕೇಳಿದರು: "ನಿನ್ನ ಅಜ್ಜಿಗೆ ನಿಜವಾಗಿಯೂ ಓದಲು ಆಗಲಿಲ್ಲವಾ?"

ಅವರಿಗೂ ಸಂಶಯವಿತ್ತು. "ಅಜ್ಜಿಗೆ ಕಣ್ಣು ಮಂಜು," ಎಂದೆ. ಅವರು ನನ್ನ ಕೆನ್ನೆ ಮುಟ್ಟಿ ಲಿಫ್ಟಿನೊಳಗೆ ಹೋದರು.

ಈಗ ನಾನು ದೋಹಾದ ಹತ್ತಿರದ ಅಲ್ ವಕ್ರಾದಲ್ಲಿದ್ದೇನೆ. ಹಮದ್ ಬಂದರಿನಲ್ಲಿ ಕೆಲಸ. ಅಜ್ಜಿ ತೀರಿಕೊಂಡ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಇವತ್ತಿಗೂ ಪೂರ್ತಿ ನಂಬಿಲ್ಲ. ಒಂಬತ್ತು ವರ್ಷದವಳು ಕಟ್ಟಿದ ಕತೆ ಎನ್ನುತ್ತಾರೆ. ನಂಬಿಸಲು ಆ ಫೋಟೊ ಬೇಕು, ಫೋಟೊಕ್ಕೆ ಟೀಚರ್ ಬೇಕು. ಆನ್‌ಲೈನಿನಲ್ಲಿ ಸಿಕ್ಕ ಮೋರೀನ್ ಎಂಬ ಹೆಸರಿನ ಎಷ್ಟೋ ಮಂದಿಗೆ ಬರೆದೆ, ಯಾರೂ ಅವರಲ್ಲ. ಅವರ ಮನೆತನದ ಹೆಸರೇನೆಂದು ಆಗ ನಾವು ಯಾರೂ ಕೇಳಿರಲಿಲ್ಲ. ಒಂದಿಡೀ ಚಳಿಗಾಲ ನಮ್ಮವರೇ ಒಬ್ಬರು ಎದುರು ಮನೆಯಲ್ಲಿದ್ದರು. ನಾನು ಕಳ್ಳರನ್ನು ಕಾಯುವಂತೆ ಅವರನ್ನು ಕಾದೆ.