ಎಡಬದಿಯ ಗುಂಡಿಗಳು

ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಎದುರು, ಮಹದೇವಸ್ವಾಮಿಯ ಅಂಗಡಿಯಲ್ಲಿ ಯಶೋಧರಾ ಹತ್ತೊಂಬತ್ತು ವರ್ಷದಿಂದ ಅರ್ಜಿ ಟೈಪ್ ಮಾಡುತ್ತಿದ್ದಾರೆ. ಬಲಗಣ್ಣು ಹೋಗಿ ಆರು ವರ್ಷವಾಯಿತು. ಎಡಗಣ್ಣಿನ ಅಂಚೂ ಮಸುಕು. ಹಾಗಾಗಿ ಕಂಪ್ಯೂಟರ್ ಪರದೆಯ ಮೇಲ್ಭಾಗದ ಟೂಲ್‌ಬಾರಿನಿಂದ ತಮಗೆ ಬೇಕಾದ ಗುಂಡಿಗಳನ್ನಷ್ಟೇ ಎಳೆದು ತಂದು, ಎಡಬದಿಯಲ್ಲಿ ಒಂದರ ಕೆಳಗೊಂದು ದೊಡ್ಡದಾಗಿ ಕೂರಿಸಿಕೊಂಡಿದ್ದರು. ಕತ್ತು ತಿರುಗಿಸದೆ ಕೆಲಸ ಸಾಗುತ್ತಿತ್ತು.

ಈ ಜೂನ್‌ನಲ್ಲಿ ಮಹದೇವಸ್ವಾಮಿ ಮೇಘನಳನ್ನು ಸೇರಿಸಿಕೊಂಡ. ಕೆ.ಆರ್. ಪೇಟೆಯಲ್ಲಿ ಕಂಪ್ಯೂಟರ್ ಕಲಿತ ಹುಡುಗಿ. ಬೆಳಿಗ್ಗೆ ಅವಳು, ಮಧ್ಯಾಹ್ನ ಯಶೋಧರಾ; ಯಂತ್ರ ಒಂದೇ. ಮೊದಲ ದಿನವೇ ಅವಳು ತಬ್ಬಿಬ್ಬಾದಳು.

"ಆಂಟಿ, ಪ್ರಿಂಟ್ ಎಲ್ಲೈತೆ? ನಾವು ಕಲ್ತಾಗ ಎಲ್ಲಾ ಮೇಲ್ಗಡೆ ಇತ್ತು."

ಅದೇ ವಾರ ಮಹದೇವಸ್ವಾಮಿ ತಂತ್ರಾಂಶದ ಹೊಸ ಆವೃತ್ತಿ ಹಾಕಿಸಿದ. ಗುಂಡಿಗಳೆಲ್ಲ ಮೊದಲಿನ ಜಾಗಕ್ಕೆ, ಮೇಲಕ್ಕೆ ಹೋದವು. ಬದಲಿಸಿಕೊಳ್ಳಲು ಅವಕಾಶವಿತ್ತು, ಆದರೆ ಒಂದು ಯಂತ್ರಕ್ಕೆ ಒಂದೇ ಜೋಡಣೆ. ಅದನ್ನು ಮಾಡುವ ಹೊಸ ಬಗೆ ಯಶೋಧರಾಗೆ ಹಿಡಿಯಲಿಲ್ಲ. ಮೇಘನಳೇ ದಿನಾ ಹೊರಡುವ ಮುನ್ನ ಗುಂಡಿಗಳನ್ನು ಎಡಕ್ಕೆ ಸರಿಸಿ, ಬೆಳಿಗ್ಗೆ ಮತ್ತೆ ಮೇಲಕ್ಕಿಡುತ್ತಿದ್ದಳು.

ಒಂದು ಶುಕ್ರವಾರ ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಎದ್ದು ಹೋದಳು. ಯಶೋಧರಾ ಬಂದು ನೋಡಿದರೆ ಎಡಬದಿ ಖಾಲಿ. ಫೋನ್ ಮಾಡಿದರು, ತಗುಲಲಿಲ್ಲ. ಮಹದೇವಸ್ವಾಮಿ ಪಾಂಡವಪುರಕ್ಕೆ ಹೋಗಿದ್ದ.

ನಾಲ್ಕು ಗಂಟೆಯ ಹೊತ್ತಿಗೆ ಕಿರಂಗೂರಿನ ಚಿಕ್ಕಬೋರಮ್ಮ ಬಂದರು. ಹೊಲಕ್ಕೆ ಹೋಗುವ ದಾರಿಗೆ ಪಕ್ಕದವರು ಬೇಲಿ ಹಾಕಿದ್ದರು. ತಕರಾರು ಅರ್ಜಿ ಕೊಡಲು ಅವತ್ತೇ ಕೊನೆಯ ದಿನ. ಅವರು ಹೇಳುತ್ತ ಹೋದರು, ಯಶೋಧರಾ ಎರಡು ಪುಟ ಟೈಪ್ ಮಾಡಿದರು. ಗಂಟೆ ಐದು; ಕಚೇರಿ ಮುಚ್ಚಲು ಇನ್ನು ಅರ್ಧ ಗಂಟೆ. ಉಳಿಸಲೆಂದು ಅಭ್ಯಾಸಬಲದಿಂದ ಕೈ ಎಡಕ್ಕೇ ಹೋಯಿತು. ಆ ಬದಿಯ ತುದಿಗೆ, ಮೇಲಿನ ಸಾಲು ಶುರುವಾಗುವ ಮೂಲೆಯಲ್ಲಿ, ಈಗ ಕಡತ ಮುಚ್ಚುವ ಗುಂಡಿಯಿತ್ತು. ಸಣ್ಣ ಅಕ್ಷರದಲ್ಲಿ ಏನೋ ಪ್ರಶ್ನೆ ಬಂತು. ಉಳಿಸಬೇಕೇ ಎಂದು ಕೇಳುತ್ತಿದೆ ಅಂದುಕೊಂಡು ಹೌದು ಎಂದು ಒತ್ತಿದರು. ಅದು ಕೇಳಿದ್ದು ಉಳಿಸದೆ ಮುಚ್ಚಬೇಕೇ ಎಂದು. ಎರಡು ಪುಟವೂ ಮಾಯವಾಯಿತು.

"ಏನಾಯ್ತವ್ವಾ?"

"ಒಂದ್ ನಿಮಿಷ ಕೂತ್ಕೊಳಮ್ಮ," ಎಂದರು ಯಶೋಧರಾ. ಮತ್ತೆ ಟೈಪ್ ಮಾಡಿ, ಒಂದೊಂದು ಗುಂಡಿಯನ್ನೂ ತಲೆಯೆತ್ತಿ ಹುಡುಕಿ, ಅಂತೂ ಮುದ್ರಿಸಿ ಕೊಟ್ಟರು. ಚಿಕ್ಕಬೋರಮ್ಮ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಓಡಿದರು. ಐದೇ ನಿಮಿಷಕ್ಕೆ ಕಾಗದ ಹಿಡಿದು ವಾಪಸು ಬಂದರು.

"ಬಾಗ್ಲಾಕ್ಬುಟ್ಟವ್ರೆ ಕಣವ್ವಾ."

"ನಂದೇ ತಪ್ಪು ಚಿಕ್ಕಬೋರಮ್ಮ, ಬೈದ್ಬುಡು ನನ್ನ."

"ನಿನ್ ಬೈದು ಏನ್ ಮಾಡ್ಲಿ? ಒಲಕ್ಕೆ ಯಾವ್ ದಾರೀಲಿ ಓಗ್ಲಿ, ಅದ್ನೇಳು."



ಮರುದಿನ ಮೇಘನ ಅತ್ತಳು. ಇನ್ನು ಮರೆಯುವುದಿಲ್ಲ ಎಂದಳು. ಆದರೆ ಮಹದೇವಸ್ವಾಮಿ ತೀರ್ಮಾನಿಸಿಬಿಟ್ಟಿದ್ದ.

"ದಿನಾ ಆ ಕಡೆ ಈ ಕಡೆ ಮಾಡ್ತಿದ್ರೆ ಇಂಗೇ ಆಗೋದು ಯಶೋಧರಮ್ಮೋರೆ. ನಾಳೆ ಇನ್ಯಾರೇ ಬಂದ್ರೂ ಮೇಲ್ಗಡೆನೇ ಉಡುಕ್ತಾರೆ. ಎಲ್ರಿಗೂ ಗೊತ್ತಿರಂಗೇ ಇರ್ಲಿ ಬುಡಿ."

ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅದಕ್ಕೇ ಅವರಿಗೆ ಜಗಳವಾಡಲೂ ಆಗಲಿಲ್ಲ.

ಚಿಕ್ಕಬೋರಮ್ಮನ ಅರ್ಜಿಯನ್ನು ಕಚೇರಿಯವರು ಸೋಮವಾರ ತೆಗೆದುಕೊಂಡರು. ತಡವಾಗಿದೆ, ನೋಡೋಣ ಎಂದರಷ್ಟೆ. ಚಿಕ್ಕಬೋರಮ್ಮ ಇನ್ನೂ ಮೂರು ಹೊಲ ಸುತ್ತಿ, ಆ ಹೊಲದವರ ಬೈಗುಳ ಕೇಳಿಕೊಂಡು ಹುಲ್ಲಿನ ಹೊರೆ ತರುತ್ತಾರೆ. ಮಧ್ಯಾಹ್ನ ಯಾರಾದರೂ ಆತುರದಲ್ಲಿ ಅಂಗಡಿಗೆ ಬಂದರೆ, ಯಶೋಧರಾ ಕೀಲಿಮಣೆಯ ಮೇಲಿಂದ ಕೈ ತೆಗೆದು ತಾವೇ ಹೇಳುತ್ತಾರೆ:

"ಅರ್ಜೆಂಟಿದ್ರೆ ಬೆಳಿಗ್ಗೆ ಬನ್ನಿ. ಆ ಹುಡುಗಿ ಇರ್ತಾಳೆ."