ಮುರಿದ ಸಾಲು ಎಲ್ಲಿ ಬೀಳಬೇಕು

ನನ್ನ ಕಣ್ಣಿನ ರೋಗಕ್ಕೆ ದೊಡ್ಡ ಹೆಸರಿದೆ. ನನಗೆ ಅರ್ಥವಾದದ್ದು ಇಷ್ಟೇ: ನೋಟ ಅಂಚಿನಿಂದ ಒಳಗೆ ಸವೆಯುತ್ತ ಬರುತ್ತದೆ, ನಡುವಿನದು ಕೊನೆಗೆ ಹೋಗುತ್ತದೆ. ಕಲಬುರಗಿಯ ಡಾಕ್ಟರು ಮೊದಲು ಕೇಳಿದ್ದು, "ನಿಮ್ಮ ಅಪ್ಪ ಅವ್ವ ಸಂಬಂಧದಾಗ ಮದಿವಿ ಆಗ್ಯಾರೇನ್ರಿ?" ಹೌದು, ಅವ್ವ ತನ್ನ ಸ್ವಂತ ಸೋದರಮಾವನನ್ನೇ ಮದುವೆಯಾದವಳು. ನಮ್ಮಲ್ಲಿ ಅದು ಕೇಳುವಂಥ ವಿಷಯವೇ ಅಲ್ಲ.

ಜೇವರ್ಗಿ ಬಸ್ ನಿಲ್ದಾಣದ ಹಿಂದಿನ ಕೋಣೆಯೊಂದರಲ್ಲಿ ಕೂತು ನಾನು ತೊಗರಿ ಬೇಳೆ ಮಿಲ್‌ಗಳಿಗೆ ತೂಕದ ಪ್ರೋಗ್ರಾಂ ಬರೆಯುತ್ತೇನೆ. ಕೋಡ್‌ನಲ್ಲಿ 'ಹೀಗಿದ್ದರೆ ಹೀಗೆ ಮಾಡು' ಎನ್ನುವ ಒಂದು ಷರತ್ತಿನ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಒಳಗೆ ಹೋದಷ್ಟೂ ಸಾಲು ಬಲಕ್ಕೆ ಸರಿದು ಶುರುವಾಗುತ್ತದೆ. ಎಡಕ್ಕೆ ಬಿಟ್ಟ ಖಾಲಿ ಜಾಗ ನೋಡಿಯೇ ಯಾವುದು ಯಾವುದರ ಒಳಗಿದೆ ಎಂದು ತಿಳಿಯಬೇಕು.

ಸಾಲಿನ ಕೊನೆ ಕಾಣದಾದಾಗ, ಕೋಡ್ ಬರೆಯುವ ಎಡಿಟರ್‌ನ ಕಿಟಕಿಯನ್ನು ಕಿರಿದು ಮಾಡಿದೆ. ಉದ್ದ ಸಾಲುಗಳು ಮುರಿದು ಕೆಳಗಿಳಿದವು. ಆದರೆ ಮುರಿದ ತುಂಡು ಹೋಗಿ ಎಡದಂಚಿಗೆ ಅಂಟಿಕೊಳ್ಳುತ್ತಿತ್ತು, ಯಾವ ಷರತ್ತಿಗೂ ಸೇರದ ಹೊಸ ಸಾಲಿನ ಹಾಗೆ. ಅದನ್ನು ನಂಬಿ ಒಂದು ಸಲ ಕೆಟ್ಟೆ. ಹಸಿ ತೊಗರಿಗೆ ಮಾತ್ರ ತೂಕ ಕಳೆಯಬೇಕಾದ ಸಾಲನ್ನು ಆ ತುಂಡಿನ ನೇರಕ್ಕೇ, ಅಂದರೆ ಷರತ್ತಿನ ಹೊರಗೆ, ಬರೆದೆ. ಒಣ ತೊಗರಿಗೂ ತೂಕ ಕಡಿತವಾಯಿತು. ಅಫಜಲಪುರದ ಮಿಲ್ ಸಾವ್ಕಾರ್ರು ಫೋನ್ ಮಾಡಿ, "ಕಣ್ಣ ಮುಚ್ಚಿ ಬರದೀರೇನ್ರಿ?" ಎಂದರು. ನನ್ನ ಕಣ್ಣಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಆದರೂ ಆ ದಿನ ನನಗೆ ಊಟ ಸೇರಲಿಲ್ಲ.

ಆಮೇಲೆ ಸೆಟ್ಟಿಂಗ್‌ಗಳನ್ನೆಲ್ಲ ಜಾಲಾಡಿ, ಮುರಿದ ತುಂಡು ತನ್ನ ಸಾಲು ಶುರುವಾದ ಜಾಗಕ್ಕಿಂತ ಒಂದು ಹೆಜ್ಜೆ ಒಳಗೇ ಬೀಳುವಂತೆ ಮಾಡಿದೆ. ಗುರುತಿಗೆ ಅದರ ಮುಂದೊಂದು ಬಾಗಿದ ಬಾಣ ಇಟ್ಟೆ. ಗೆದ್ದೆ ಅಂದುಕೊಂಡು ಒಂದಷ್ಟು ದಿನ ಮದುಮಗನಂತೆ ಓಡಾಡಿದೆ. ನೋಟ ಇನ್ನಷ್ಟು ಸವೆಯಿತು, ಕಿಟಕಿ ಇನ್ನಷ್ಟು ಕಿರಿದಾಯಿತು. ಆಗ ಆಳದ ಸಾಲುಗಳಿಗೆ ಬಲಗಡೆ ಜಾಗವೇ ಉಳಿಯದೆ ಒಂದು ಪದದ ಕೆಳಗೆ ಇನ್ನೊಂದು ಪದ ಬೀಳತೊಡಗಿತು. ಪ್ರತಿ ಷರತ್ತಿಗೂ ಎಡಕ್ಕೆ ಬಿಡುವ ಹೆಜ್ಜೆಯ ಅಗಲವನ್ನು ಅರ್ಧ ಮಾಡಿದೆ. ಆಮೇಲೆ ಅದರರ್ಧ. ಇನ್ನು ಕಡಿಮೆ ಮಾಡಲು ಅಲ್ಲಿ ಏನೂ ಇಲ್ಲ. ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ, ಯಾರ ಮೇಲೆ ಅಂತ ಗೊತ್ತಿಲ್ಲ.

ಹೋದ ತಿಂಗಳು ನಿಂಬರ್ಗಾದಿಂದ ಅಕ್ಕ ಬಂದಳು. ಒಳಗೆ ಕಾಲಿಡುತ್ತಲೇ ಬಾಗಿಲ ಪಕ್ಕದ ಸ್ಟೂಲಿಗೆ ಎಡವಿ, "ಲೇ, ಇದನ್ನ ಇಲ್ಲಿ ಯಾಕ ಇಟ್ಟೀಯೋ?" ಎಂದು ಬೈದಳು. ಅಕ್ಕ ಮೊದಲಿಂದಲೂ ಅವಸರದವಳು. ಚೊಂಬು, ಮಣೆ, ಮಲಗಿದ ನಾಯಿ, ಯಾವುದನ್ನೂ ಒದೆಯದೆ ಬಿಟ್ಟವಳಲ್ಲ. ಮನೆಮಂದಿಯೆಲ್ಲ ಅವಳನ್ನು ಆಡಿಕೊಂಡು ನಗುತ್ತಿದ್ದೆವು.

ಕೂತವಳೇ ವಿಷಯಕ್ಕೆ ಬಂದಳು. ಡಿಗ್ರಿ ಮುಗಿಸಿದ ತನ್ನ ಮಗಳನ್ನು ನನಗೆ ಕೊಡುತ್ತಾಳಂತೆ.

"ನನ್ನ ಕಣ್ಣ ಹೊಂಟಾವು, ಅಕ್ಕಾ. ಇದು ರಕ್ತದಾಗ ಬಂದದ್ದು. ಮತ್ತ ಸಂಬಂಧದಾಗೇ ಆದ್ರ ಹುಟ್ಟೋ ಕೂಸಿಗೂ ಬರಬಹುದು ಅಂದಾರ ಡಾಕ್ಟರು."

"ಕಣ್ಣ ಹೊಂಟಾವಂದ್ರ ನೋಡ್ಕೋಳಾಕ ನಮ್ಮಾಕಿನೇ ಬೇಕಲ್ಲೋ. ಹೊರಗಿನಾಕಿ ನೋಡ್ತಾಳೇನು?"

ಮಾತಿನಲ್ಲಿ ಇದು ಮುಗಿಯುವುದಿಲ್ಲ ಎನಿಸಿತು. ಅವಳನ್ನು ಕಂಪ್ಯೂಟರಿನ ಮುಂದೆ ಕೂಡಿಸಿ, ನನಗೆ ಕಾಣುವುದು ಈ ಕಿರಿದಾದ ಸಾಲುಗಳಷ್ಟೇ ಅಗಲ ಎಂದೆ. ಅವಳಿಗೆ ಎಷ್ಟು ಕಾಣುತ್ತದೆ, ನನಗೆ ಎಷ್ಟು ಕಾಣುವುದಿಲ್ಲ ಎಂದು ಅವಳಿಗೇ ಗೊತ್ತಾಗಲಿ ಅಂತ, ಡಾಕ್ಟರು ನನಗೆ ಮಾಡಿದ ಪರೀಕ್ಷೆಯನ್ನೇ ಮಾಡಿದೆ.

"ಆ ಬಾಣದ ಗುರ್ತನ್ನೇ ನೋಡ್ಕೋತ ಇರು. ನನ್ನ ಕೈ ಕಂಡ ಕೂಡಲೇ ಹೇಳು."

ಪಕ್ಕದಲ್ಲಿ ನಿಂತು, ಅವಳ ಕಿವಿಯ ನೇರದಿಂದ ಕೈಯನ್ನು ನಿಧಾನಕ್ಕೆ ಮುಂದೆ ತಂದೆ. ಕಣ್ಣು ಸರಿಯಿದ್ದವರಿಗೆ ಕೈ ಕೆನ್ನೆ ದಾಟುವ ಮೊದಲೇ ಕಾಣುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೆನ್ನೆಯ ನೇರಕ್ಕೆ ಬಂತು, ಅವಳು ಸುಮ್ಮನಿದ್ದಳು. ಪರದೆಯ ಅಂಚಿಗೆ ಬಂತು. ಬಾಣವನ್ನು ಇನ್ನೇನು ಮುಟ್ಟಬೇಕು ಅನ್ನುವಾಗ, "ಹಾಂ, ಬಂತು ನೋಡು" ಎಂದಳು.

ಅಕ್ಕ ತಿರುಗಿ ನನ್ನನ್ನು ನೋಡಿ ನಕ್ಕಳು.

"ಯಾಕೋ ಹಿಂಗ ಮಾರಿ ಮಾಡ್ಕೊಂಡಿ? ಎಲ್ಲಾರಿಗೂ ಇಷ್ಟ ಅಲ್ಲೇನೋ ಕಾಣೂದು?"