ಅನಸವ್ವ ಎಬ್ಬಿಸಿದ ಬಾವು

ಅಷ್ಟಕ್ಕೇ ಪೆನ್ನು ಮುಚ್ಚಬೇಡ ಮಗಾ, ಅನಸವ್ವನ ಮಾತು ಇನ್ನೂ ಬಂದೇ ಇಲ್ಲ. ನಿಧಾನವಾಗಿ ಬರೆ, ನಾನೇನು ಓಡಿಹೋಗುವುದಿಲ್ಲ. ಮಗ್ಗದ ಸಪ್ಪಳದ ಮೇಲೆ ಕೂಗಿ ಮಾತಾಡಿದ ಗಂಟಲು ಇದು, ಜೋರಾಗಿ ಹೇಳಿದರೆ ಬೈದೆ ಅಂತ ತಿಳಿಯಬೇಡ.

ಅನಸವ್ವ ಬನಹಟ್ಟಿಯಲ್ಲಿ ನಮ್ಮ ಎದುರು ಮನೆಯವಳು. ತವರು ಸಾವಳಗಿ. ಅಲ್ಲಿ ಅವಳಪ್ಪನಿಗೆ ಒಂದಿಷ್ಟು ಹೊಲವೂ ಇತ್ತು, ಎರಡು ಮಗ್ಗವೂ ಇದ್ದವು. ಮಳೆ ಬಂದರೆ ಹೊಲ, ಬರದಿದ್ದರೆ ಮಗ್ಗ. ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ಅವಳ ಪಾಲಿಗೆ ರಾಟಿ ಬಂತು. ಬೆಳಗಿನಿಂದ ಕಂಡಿಕೆಗೆ ನೂಲು ಸುತ್ತುವುದು, ಗಂಡ ಮತ್ತು ಮಾವನ ಮಗ್ಗಗಳಿಗೆ ಕೊಡುವುದು. ಎತ್ತರದ ಹೆಂಗಸು, ದೊಡ್ಡ ಕೈ. ನಗುವಾಗ ಮಾತ್ರ ಆ ಕೈ ಬಾಯಿಗೆ ಅಡ್ಡ ಬರುತ್ತಿತ್ತು. ಗಂಡ ಚನಮಲ್ಲಪ್ಪ ಮಾತು ಕಡಿಮೆಯವ. ಮಾವ ಶಿದ್ರಾಮಪ್ಪ ಮಾತಿನವನು, ಆದರೆ ಆ ಹೊತ್ತಿಗೆ ಅವನ ಅರ್ಧ ಮಾತನ್ನು ಕೆಮ್ಮೇ ತಿಂದುಬಿಡುತ್ತಿತ್ತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕೆಮ್ಮುತ್ತಲೇ ನೇಯುವನು. ನೂಲಿನ ಧೂಳು ಅಂತ ನಾವೆಲ್ಲ ಅಂದುಕೊಂಡಿದ್ದೆವು. ನಮ್ಮ ಓಣಿಯಲ್ಲಿ ಕೆಮ್ಮದ ಮುದುಕ ಯಾರಿದ್ದ ಹೇಳು.

ಅನಸವ್ವನಿಗೆ ಮೊದಲು ಒಂದು ಗಂಡುಮಗು ಇತ್ತು. ಆಗಿನ್ನೂ ಜಮಖಂಡಿ ಸಂಸ್ಥಾನ. ಸಿಡುಬು ಬಾರದಿರಲಿ ಅಂತ ದೇವಿ ಹಾಕುವವನು ಊರಿಗೆ ಬಂದು ಮಕ್ಕಳ ತೋಳು ಗೀರಿ ಹೋಗುತ್ತಿದ್ದ. ವಾರ ಕಳೆಯುವುದರೊಳಗೆ ಗೀರಿದಲ್ಲಿ ಗುಳ್ಳೆ ಏಳಬೇಕು. ಎದ್ದರೆ ದೇವಿ ಹತ್ತಿತು, ಮಗುವಿಗೆ ಸಿಡುಬಿನ ಭಯವಿಲ್ಲ. ಗುಳ್ಳೆ ಎದ್ದ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ, ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸುತ್ತಿದ್ದರು. ತೋಳಿನ ಮೇಲೆ ತಾಯಿಯೇ ಬಂದು ಕೂತಿದ್ದಾಳೆ ಅಂತ ಲೆಕ್ಕ. ಅನಸವ್ವನ ಮಗನ ತೋಳು ಏಳಲೇ ಇಲ್ಲ. ದೇವಿ ಹಾಕುವವ ನೋಡಿ, ಹತ್ತಿಲ್ಲ, ಮುಂದಿನ ಸಲ ಬಂದಾಗ ಮತ್ತೆ ಹಾಕುತ್ತೇನೆ ಅಂದ. ಅವನು ಬರುವುದರೊಳಗೆ ಸಿಡುಬು ಬಂತು, ಮಗು ಹೋಯಿತು. ಗುಳ್ಳೆ ಎದ್ದಿದ್ದ ಮಕ್ಕಳೆಲ್ಲ ಓಣಿಯಲ್ಲಿ ಆಡಿಕೊಂಡೇ ಇದ್ದವು. ಅನಸವ್ವ ಓಣಿಯಲ್ಲಿ ಆ ಮಾತನ್ನು ಬಹಳ ವರ್ಷ ಎತ್ತಲಿಲ್ಲ.

ಆಮೇಲೆ ಹುಟ್ಟಿದವಳು ತಾರವ್ವ. ಅಜ್ಜನ ಮಗ್ಗದ ಪಕ್ಕದಲ್ಲೇ ಅವಳ ಆಟ, ಅಜ್ಜನ ತಟ್ಟೆಯಲ್ಲೇ ಊಟ, ಅವನ ಕಂಬಳಿಯೊಳಗೇ ನಿದ್ದೆ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ನಾಲ್ಕೈದು ವರ್ಷವಾಗಿರಬೇಕು. ಅಷ್ಟರಲ್ಲಿ ಸೂಜಿಗಳ ಜಾತಿಯೂ ಹೆಚ್ಚಾಗಿತ್ತು. ದೇವಿ ಎಲ್ಲರಿಗೂ, ಹಾಲು ಕುಡಿಯುವ ಕೂಸಿಗೂ. ಆಷಾಢದಲ್ಲಿ ಪಂಢರಪುರಕ್ಕೆ ಹೋಗುವವರಿಗೆ ಕಾಲರಾ ಸೂಜಿ. ನಮ್ಮತ್ತೆ ಅದನ್ನು ಹಾಕಿಸಿಕೊಂಡು ಎರಡು ದಿನ ಜ್ವರದಲ್ಲಿ ಮಲಗಿ, ವಿಠ್ಠಲನಿಗಿಂತ ಮೊದಲು ಡಾಕ್ಟರ ದರ್ಶನ ಆತು ಅಂತ ಗೊಣಗಿದ್ದಳು. ಮನೆಯಲ್ಲಿ ಇಲಿ ಸತ್ತು ಬೀಳತೊಡಗಿದರೆ ಪ್ಲೇಗಿನ ಸೂಜಿ. ಹುಚ್ಚುನಾಯಿ ಕಚ್ಚಿದವರಿಗೆ ಹೊಟ್ಟೆಗೆ ಚುಚ್ಚುವುದು. ಇವೆಲ್ಲ ನಮಗೆ ಗೊತ್ತಿದ್ದವೇ. ಆ ವರ್ಷ ಜೀಪಿನಲ್ಲಿ ಬಂದದ್ದು ಹೊಸದು. ಕ್ಷಯಕ್ಕೆ ಅಂದರು, ಬಿ.ಸಿ.ಜಿ. ಅಂದರು.

ಸಾಲೆಯ ಅಂಗಳದಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಜೀಪಿನವರ ಜೊತೆ ದವಾಖಾನೆಯ ನರ್ಸ್ ರಾಧಾಬಾಯಿ ಬಂದಿದ್ದಳು. ಜಮಖಂಡಿಯ ಬ್ರಾಹ್ಮಣರ ಪೈಕಿ, ಅರ್ಧ ಮರಾಠಿ ಅರ್ಧ ಕನ್ನಡ, ಬಿಳಿ ಸೀರೆ, ಖಡಕ್ ಹೆಂಗಸು. ಮೊಣಕೈ ಕೆಳಗೆ ಒಂದು ಸಣ್ಣ ಸೂಜಿ ಚುಚ್ಚಿ ಕಳಿಸುವುದು.

“ಇದು ಬರೇ ಪರೀಕ್ಷಾ ಅದರೀ. ಮೂರನೇ ದಿನಾ ಬಂದು ಕೈ ತೋರಸ್ರಿ. ನೋಡಿ ಆಮ್ಯಾಲೆ ಔಷಧದ ಸೂಜಿ ಹಾಕೋದು” ಅಂತ ರಾಧಾಬಾಯಿ ಕೂಗಿ ಕೂಗಿ ಹೇಳಿದಳು. ನಮ್ಮ ಕಿವಿಗೇನೋ ಬಿತ್ತು. ಆದರೆ ಸೂಜಿ ಚುಚ್ಚಿದರೆ ಏಳಬೇಕು, ಎದ್ದರೆ ಛಲೋ ಅಂತ ಅಷ್ಟು ವರ್ಷದಿಂದ ತಿಳಿದವರು ನಾವು.

ಮರುದಿನ ನೀರಿನ ಹೊತ್ತಿಗೆ ಬಾವಿಯ ಹತ್ತಿರ ಎಲ್ಲರೂ ಮಕ್ಕಳ ಕೈ ನೋಡುವವರೇ. ನಮ್ಮ ಬದಿ ಮನೆಯ ಪದ್ಮವ್ವ ತನ್ನ ಮಗನ ಕೈ ಎತ್ತಿ ಹಿಡಿದಳು.

“ನೋಡ್ರೆ ಇಲ್ಲೆ! ಬಟ್ಟಲಾ ಬೋರಲ ಹಾಕಿದಂಗ ಎದ್ದೈತಿ. ನಿನ್ನ ಮಗಳದ ತೋರಸ ಅನಸಿ.”

ತಾರವ್ವನ ಕೈ ಮೇಲೆ ಸೂಜಿ ಚುಚ್ಚಿದ ಗುರುತೂ ಕಾಣುತ್ತಿರಲಿಲ್ಲ.

“ಅಯ್ಯ, ಇಕಿಗಿ ನೀರ ಚುಚ್ಚ್ಯಾರೇನ ಬೇ!” ಅಂದಳು ಪದ್ಮವ್ವ. ಅವಳ ಬಾಯಿ ಹಾಗೇ, ಮನಸ್ಸಿನಲ್ಲಿ ಏನೂ ಇರುತ್ತಿರಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅನಸವ್ವ ಕೊಡ ತುಂಬದೆಯೇ ಮಗಳ ಕೈ ಹಿಡಿದುಕೊಂಡು ಮನೆಗೆ ಹೋದಳು.

ನೇಕಾರರ ಮನೆಯಲ್ಲಿ ಕೇರಬೀಜ ಇರುತ್ತಿತ್ತು. ಮರಾಠಿಯವರು ಬಿಬ್ಬಾ ಅನ್ನುತ್ತಾರಲ್ಲ, ಅದೇ. ಅದರ ರಸದಿಂದ ಸೀರೆಯ ಅಂಚಿಗೆ ಗುರುತು ಹಾಕಿದರೆ ಎಷ್ಟು ಒಗೆದರೂ ಹೋಗುವುದಿಲ್ಲ. ಮೈಗೆ ತಗುಲಿದರೆ ಸುಟ್ಟು ಬಾವು ಬರುತ್ತದೆ. ಅನಸವ್ವ ಬೀಜಕ್ಕೆ ಸೂಜಿ ಚುಚ್ಚಿ, ಆ ತುದಿಯನ್ನು ಮಗಳ ಕೈ ಮೇಲೆ, ನರ್ಸ್ ಚುಚ್ಚಿದ ಜಾಗದಲ್ಲೇ ಇಟ್ಟಳು. ತಾರವ್ವ ಚೀರಿದ್ದು ನಮ್ಮ ಮನೆಗೂ ಕೇಳಿಸಿತು.

“ಕೂಸ ಯಾಕ ಅಳತೈತೆವ್ವಾ?” ಶಿದ್ರಾಮಪ್ಪ ಮಗ್ಗದಿಂದ ಕೇಳಿದ.

“ಇರಿವಿ ಕಡೀತ್ರಿ ಮಾವಾ.”

“ಎಲ್ಲೈತಿ ಆ ಇರಿವಿ? ತಾರಾ, ಬಾ ಇಲ್ಲೆ, ಅದಕ್ಕ ಲಾಳಿಲೆ ಹೊಡೆಯೂಣು” ಅಂದು ಮುದುಕ ನಗಲು ಹೋಗಿ ಕೆಮ್ಮಿದ.

ಮೂರನೆಯ ದಿನ ತಾರವ್ವನ ಕೈ ಕೆಂಪಗೆ ಉಬ್ಬಿತ್ತು, ನಡುವೆ ಕೇರಬೀಜದ ಕರಿ ಚುಕ್ಕೆ. ಸಾಲೆಯಲ್ಲಿ ಸಣ್ಣ ಅಳತೆಪಟ್ಟಿ ಹಿಡಿದು ಕೂತಿದ್ದ ಜೀಪಿನ ಹುಡುಗ, ಇದೇನು ಕರಿದು ಅಂತ ಕೇಳಿದ.

“ದೃಷ್ಟಿ ಬೊಟ್ಟರೀ. ಎದ್ದ ಕೈಗೆ ಯಾರದರ ಕಣ್ಣ ಬೀಳಬಾರದಂತ” ಅಂದಳು ಅನಸವ್ವ.

ಹುಡುಗ ನಕ್ಕು, ಅಳೆದು, “ಇದಕ್ಕ ಬ್ಯಾಡ. ಮುಂದಿನವ್ರು” ಅಂದ.

ಅನಸವ್ವ ತಲೆ ಎತ್ತಿ ಹೊರಗೆ ಬಂದಳು. ಕೈ ಏಳದ ಮಕ್ಕಳಿಗೆ ಒಳಗೆ ಭುಜಕ್ಕೆ ಇನ್ನೊಂದು ಸೂಜಿ ಹಾಕುತ್ತಿದ್ದರು, ಅವು ಅಳುತ್ತಿದ್ದವು. “ಪಾಪ, ಅವಕ್ಕ ಹತ್ತಿಲ್ಲ, ಎರಡನೇ ಸರತಿ ಹಾಕಾಕತ್ತಾರ” ಅಂದಳು ನನ್ನ ಮುಂದೆ. ನನಗೂ ಹಾಗೇ ಅನ್ನಿಸಿತು. ನಮ್ಮ ತಿಳಿವಳಿಕೆಗೆ ಅದು ಸರಿಯಾಗಿಯೇ ಹೊಂದುತ್ತಿತ್ತು ನೋಡು.

ಸಂಜೆ ರಾಧಾಬಾಯಿ ಓಣಿಗೆ ಬಂದಳು. ಕೈ ಬಹಳ ಎದ್ದ ಮಕ್ಕಳ ಮನೆ ಹುಡುಕಿಕೊಂಡು ಬಂದದ್ದು. ಪದ್ಮವ್ವನ ಮನೆ ಮುಗಿಸಿ ಅನಸವ್ವನ ಕಟ್ಟೆಯ ಮೇಲೆ ಕೂತಳು. ನಾವೆಲ್ಲ ಸುತ್ತ ನಿಂತೆವು.

“ನಿಮ್ಮ ಮಗಳ ಕೈ ಭಾಳ ಬಾತದ. ಮನ್ಯಾಗ ಯಾರಿಗರೆ ಕೆಮ್ಮು ಅದ ಏನು?”

“ಬಾತರ ಛಲೋ ಅಲ್ಲೇನ್ರಿ ಬಾಯಾರ?”

“ಅಯ್ಯ ದೇವರ! ಅಷ್ಟು ಒದರಿ ಹೇಳೇನಲ್ಲ. ಕೈ ಬಾತರ ಆ ಜಂತು ಮೊದಲ ಮೈಯೊಳಗ ಹೊಕ್ಕದ ಅಂತ ಅರ್ಥ. ಅಂಥಾವ್ರಿಗೆ ಈ ಔಷಧ ಹಾಕಿ ಉಪಯೋಗಿಲ್ಲ. ಕೈ ಬಾತಿಲ್ಲದವ್ರಿಗೇ ಬೇಕು ಅದು. ಜಂತು ಹೊಕ್ಕವ್ರೆಲ್ಲಾ ಬ್ಯಾನಿ ಬೀಳೂದಿಲ್ಲ, ಅಂಜಬ್ಯಾಡ್ರಿ. ಆದ್ರ ಯಾರಿಂದ ಬಂತು ನೋಡಬೇಕಲ್ಲ.”

ಒಳಗೆ ಮಗ್ಗದ ಸಪ್ಪಳ ನಿಂತಿತು. ಶಿದ್ರಾಮಪ್ಪ ಕೆಮ್ಮು ತಡೆಯಲು ನೋಡಿದ, ಆಗಲಿಲ್ಲ. ರಾಧಾಬಾಯಿ ಒಳಗೆ ಹೋಗಿ ಅವನ ಜೊತೆ ಮಾತಾಡಿ, ಜಮಖಂಡಿ ದವಾಖಾನೆಗೆ ಬಂದು ಕಫ ತೋರಿಸು ಅಂತ ಹೇಳಿ ಹೋದಳು. ಅನಸವ್ವ ಮಗಳ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಪದ್ಮವ್ವ ಅಲ್ಲೇ ನಿಂತಿದ್ದಳು, ನಾನೂ ನಿಂತಿದ್ದೆ, ಅರ್ಧ ಓಣಿಯೇ ನಿಂತಿತ್ತು. ತಾಯಿಯೇ ಮಗಳ ಕೈ ಸುಟ್ಟೆ ಅಂತ ಅಷ್ಟು ಜನರ ನಡುವೆ ಯಾರು ಹೇಳುತ್ತಾರೆ?

ಬೆಳಿಗ್ಗೆ ಜೀಪು ರಾಧಾಬಾಯಿಯನ್ನೂ ಕರೆದುಕೊಂಡು ಮಹಾಲಿಂಗಪುರಕ್ಕೆ ಹೋಯಿತು. ಶಿದ್ರಾಮಪ್ಪ ತನ್ನ ಕಂಬಳಿ, ತಂಬಿಗೆ ಗಂಟು ಕಟ್ಟಿದ್ದ. ತಾರವ್ವ ಹತ್ತಿರ ಬಂದರೆ ಧೋತರದ ಚುಂಗು ಬಾಯಿಗೆ ಒತ್ತಿಕೊಂಡು, ಅತ್ತ ಹೋಗು ಅಂತ ಕೈ ಮಾಡುತ್ತಿದ್ದ. ಹುಡುಗಿಗೆ ಅದು ಆಟ ಅನ್ನಿಸಿ ಮತ್ತೆ ಮತ್ತೆ ಹೋಗುತ್ತಿತ್ತು.

“ಹುನ್ನೂರಾಗ ನನ್ನ ತಂಗಿ ಅದಾಳ, ಅಲ್ಲೆ ಇರತೇನಿ. ಕೂಸಿಗಿ ನಾನ ಹಚ್ಚಿದ್ನಲ್ಲ ರೋಗಾ” ಅಂದ.

ಆಗ ಅನಸವ್ವ ಹೇಳಿದಳು. “ಮಾವಾ, ಅದು ನಿಮ್ಮ ರೋಗಲ್ಲರಿ. ಕ್ಯಾರಬೀಜ ಹಚ್ಚಿ ನಾನ ಎಬ್ಬಿಸಿದ ಬಾವರಿ ಅದು.”

ಮುದುಕ ಗಂಟಿನ ಮೇಲಿಂದ ಕೈ ತೆಗೆದ.

“ಅಂದ್ರ ಆ ಔಷಧ ಇಕಿಗಿ ಬೇಕಾಗಿತ್ತು?”

“ಹೂಂನ್ರಿ.”

“ನನ್ನ ಮುಂದ ಹೇಳಿದ್ರ ಏನ ಬಂತು? ಹೇಳಬೇಕಾದವರ ಮುಂದ ಹೇಳ ಹೋಗ. ಇವತ್ತ ಹೋಗ.”

ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಅನಸವ್ವ ಮಹಾಲಿಂಗಪುರಕ್ಕೆ ನಡೆದೇ ಹೋದಳು. ಅಷ್ಟೊತ್ತಿಗೆ ಅದೂ ಇದೂ ಒಂದೇ ಸರಕಾರ. ಮೊದಲಾಗಿದ್ದರೆ ಅದು ಮುಧೋಳದ ರಾಜರ ಸೀಮೆ. ಮುಂದಿನದನ್ನು ಅವಳೇ ನನಗೆ ರಾಟಿಯ ಮುಂದೆ ಕೂತು ಹೇಳಿದ್ದು. ಅಲ್ಲಿಯ ಸಾಲೆಯಲ್ಲೂ ಅದೇ ಸಾಲು, ಅದೇ ಅಳು. ರಾಧಾಬಾಯಿ ಪೂರ್ತಿ ಕೇಳಿ, ಕೈಯಲ್ಲಿದ್ದ ಹತ್ತಿಯನ್ನು ಮೇಜಿನ ಮೇಲೆ ಎಸೆದಳಂತೆ.

“ತಾಯಿ ಇದ್ದೀಯೋ ಏನು ವೈರಿ ಇದ್ದೀಯೋ? ಅರಿವಿಗೆ ಗುರುತ ಹಾಕೋದನ್ನ ಕೂಸಿಗೆ ಹಾಕ್ತಾರೇನು?”

“ತಪ್ಪಾತ್ರಿ. ಮೊದಲನೇ ಕೂಸಿಗಿ ಏಳದ ಹೋಗಿತ್ರಿ.”

ರಾಧಾಬಾಯಿ ಮುಂದೆ ಬೈಯಲಿಲ್ಲ. ಆ ಕೈ ಮಾಯುವತನಕ ಅದನ್ನು ನಂಬಲಾಗದು ಅಂತ, ಇನ್ನೊಂದು ಕೈಗೆ ಹೊಸದಾಗಿ ಪರೀಕ್ಷೆಯ ಸೂಜಿ ಹಾಕಿಸಿದಳು. “ಮೂರು ದಿನಾ ಇಲ್ಲೇ ಇರು. ಊರಿಗೆ ಹೋಗಬ್ಯಾಡ. ನಿನ್ನ ಮ್ಯಾಲೆ ನನಗ ವಿಶ್ವಾಸಿಲ್ಲ.”

ಬೆಲ್ಲದ ಪ್ಯಾಟೆಯಲ್ಲಿ ಒಬ್ಬ ಅಡತಿ ವ್ಯಾಪಾರಿಯ ಅಂಗಳದಲ್ಲಿ ಹೆಂಗಸರು ಬೆಲ್ಲಕ್ಕೆ ಗೋಣಿ ಹೊಲಿಯುತ್ತಿದ್ದರು. ಅನಸವ್ವ ಅವರ ಜೊತೆ ಕೂತು ಹೊಲಿದಳು, ಅಲ್ಲೇ ಉಂಡಳು, ಅಲ್ಲೇ ಮಲಗಿದಳು. ತಾರವ್ವನಿಗೆ ಬೆಲ್ಲ ತಿಂದದ್ದೇ ನೆನಪು, ಈಗಲೂ ಅದನ್ನೇ ಹೇಳುತ್ತಾಳೆ. ಅನಸವ್ವನಿಗೆ ಮಾತ್ರ ಬೇರೆಯೇ ಚಿಂತೆ. ಅದು ನಿಮ್ಮ ರೋಗವಲ್ಲ ಅಂತ ಹೇಳಿ ಮಾವನನ್ನು ನಿಲ್ಲಿಸಿ ಬಂದಿದ್ದಳು. ಆದರೆ ಅವನ ತಟ್ಟೆಯಲ್ಲಿ ಉಂಡ ಮಗು ಅದು. ಕೇರಬೀಜ ಇಲ್ಲದೆಯೂ ಕೈ ಬಾತುಬಿಟ್ಟರೆ? ಏಳಲಿ ಏಳಲಿ ಅಂತ ಹಾರೈಸಿದವಳು ಈಗ ಏಳಬೇಡ ಅಂತ ಬೇಡಿಕೊಳ್ಳುತ್ತಿದ್ದಳು. ತಾಸಿಗೊಮ್ಮೆ ಅಂಗಿಯ ತೋಳು ಸರಿಸಿ ನೋಡುವಳಂತೆ. ಗೋಣಿ ಹೊಲಿಯುವ ಹೆಂಗಸೊಬ್ಬಳು, “ಯಾಕ ಬೇ, ಮಗಳ ಕೈಯಾಗ ಏನ ಬಿತ್ತಿದಿ? ಮೊಳಕಿ ಬಂತೇನ ನೋಡಾಕತ್ತೀಯಲ್ಲ!” ಅಂದಳಂತೆ.

“ಬರಬಾರದು ನೋಡವ್ವಾ” ಅಂದಳಂತೆ ಇವಳು.

ಮೂರನೆಯ ದಿನ ಅಳತೆಪಟ್ಟಿ ಇಡುವ ಅಗತ್ಯವೂ ಬರಲಿಲ್ಲ. ಕೈ ನುಣ್ಣಗೆ ಹಾಗೇ ಇತ್ತು. ಅದೇ ಜೀಪಿನ ಹುಡುಗ ತಾರವ್ವನ ಭುಜಕ್ಕೆ ಸೂಜಿ ಹಾಕಿದ. ಹುಡುಗಿ ಅಂಗಳವೆಲ್ಲ ಕೇಳುವಂತೆ ಅತ್ತಳು.

“ಇದು ನಿಧಾನಕ್ಕ ಏಳತದ” ಅಂದಳು ರಾಧಾಬಾಯಿ. “ಗುಳ್ಳಿ ಆಗಿ, ಒಡದು, ತಾನ ಮಾಯತದ. ಏನೂ ಹಚ್ಚಬ್ಯಾಡ, ನಿನ್ನ ಕಾಲ ಬೀಳತೀನಿ. ಇದರ ಗುಣ ಹತ್ತಲಿಕ್ಕೆ ಕೆಲವು ವಾರ ಬೇಕು. ಆಮ್ಯಾಲೂ ಕೆಮ್ಮವ್ರ ತಾಟಿನ್ಯಾಗ ಉಣಸಬ್ಯಾಡ.”

ಶಿದ್ರಾಮಪ್ಪ ಹುನ್ನೂರಿಗೆ ಹೋಗಲಿಲ್ಲ. ಹಿತ್ತಲ ಕೊಟ್ಟಿಗೆ ಬಳಿಸಿಕೊಂಡು ಅಲ್ಲಿ ಬೇರೆ ಹಾಸಿಗೆ, ಬೇರೆ ತಟ್ಟೆ ಮಾಡಿಕೊಂಡ. ಜಮಖಂಡಿಯಲ್ಲಿ ಕಫ ತೋರಿಸಿದಾಗ ಕ್ಷಯವೇ ಅಂದರು. ಔಷಧ ತೆಗೆದುಕೊಂಡ, ಬಿಟ್ಟ, ಮತ್ತೆ ತೆಗೆದುಕೊಂಡ. ಮೊಮ್ಮಗಳನ್ನು ಬಾಗಿಲಾಚೆ ಕೂರಿಸಿ, ದೂರದಿಂದಲೇ ಕತೆ ಹೇಳುತ್ತಿದ್ದ. ನಮ್ಮ ಸೀಮೆ ಮೈಸೂರಿಗೆ ಸೇರುವುದರೊಳಗೆ ತೀರಿಕೊಂಡ. ತಾರವ್ವನಿಗೆ ಕ್ಷಯ ಬರಲಿಲ್ಲ. ಒಂದು ಕೈ ಮೇಲೆ ಕೇರಬೀಜದ ಕಲೆ, ಒಂದು ಭುಜದ ಮೇಲೆ ಬಿ.ಸಿ.ಜಿ. ಕಲೆ.

ಓಣಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಪದ್ಮವ್ವ ಬಹಳ ವರ್ಷ ಅವಳನ್ನು ಬಾವು ಎಬ್ಬಿಸಾಕಿ ಅಂತಲೇ ಕರೆದಳು. “ಹೌದ ಬೇ, ಎಬ್ಬಿಸಿದ್ನಿ. ನಿನ್ನ ಬಾಯಿಗೂ ಒಂದೀಟ ಹಚ್ಚಲೇನ?” ಅಂತ ಅನಸವ್ವ ರಾಟಿ ನಿಲ್ಲಿಸದೆ ಅನ್ನುತ್ತಿದ್ದಳು. ಆದರೆ ಆಮೇಲೆ ಊರಿಗೆ ಯಾವ ಸೂಜಿ ಬರಲಿ, ಸಾಲಿನ ಮುಂದೆ ನಿಂತು, ಇದು ಎದ್ದರೆ ಛಲೋನೋ, ಏಳದಿದ್ದರೆ ಛಲೋನೋ ಅಂತ ಮೊದಲು ಕೇಳಿಯೇ ಮಕ್ಕಳ ತೋಳು ಬಿಚ್ಚುವಳು. ಹಾಗೆ ಕೇಳುವುದು ನಮಗೂ ರೂಢಿಯಾಯಿತು. ಅವಳು ಹೋಗಿ ಈಗ ಎಷ್ಟೋ ವರ್ಷ.

ಈಗ ಆ ಪರೀಕ್ಷೆಯೂ ಇಲ್ಲ, ಹುಟ್ಟಿದ ಕೂಸಿಗೇ ಹಾಕಿ ಕಳಿಸುತ್ತಾರೆ. ತಾರವ್ವ ಬೀಳಗಿಯಲ್ಲಿದ್ದಾಳೆ, ಅವಳ ಮೊಮ್ಮಗಳು ಹಡೆದಿದ್ದಾಳಂತೆ, ಮನೆಯಲ್ಲೇ ಹೆರಿಗೆಯಾಯಿತು ಅಂತ ಕೇಳಿದೆ. ನೀನು ನಾಳೆ ಆ ಕಡೆ ಹೋಗುವವನಲ್ಲವೇ? ಆ ಟ್ರಂಕಿನ ಮೇಲೆ ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಮಡಿಸಿಟ್ಟಿದ್ದೇನೆ, ಕೊಟ್ಟು ಬಾ. ಕೂಸನ್ನು ದವಾಖಾನೆಗೆ ಒಯ್ದು ಸೂಜಿ ಹಾಕಿಸಿದ್ದಾರೋ ಇಲ್ಲವೋ ಕೇಳು. ಇಲ್ಲ ಅಂದರೆ ಮಾತಾಡುತ್ತಾ ಕೂರಬೇಡ, ನಿನ್ನ ಗಾಡಿ ಹೇಗೂ ಇರುತ್ತದೆ, ತಾಯಿ ಮಗುವನ್ನು ಕೂರಿಸಿಕೊಂಡು ಹೋಗಿ ಹಾಕಿಸಿಯೇ ಬಾ.